ಪದಚರ್ಚೆ: ರಕ್ತನಾಳದ ಒಳಪದರ ‘ಕೆಲಸ ತಪ್ಪುವುದು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕೋಲಾರದಲ್ಲಿ ಡಯಾಲಿಸಿಸ್‌ಗೆ ಬರುವವರಿಗಾಗಿ ಒಂದು ಕೈಪತ್ರ ಬರೆಯುತ್ತಿದ್ದೇನೆ. ದೀರ್ಘಕಾಲದ ಕಿಡ್ನಿ ಕಾಯಿಲೆಯಲ್ಲಿ ರಕ್ತನಾಳದ ಎಂಡೋಥೀಲಿಯಂ ಕೆಡುವುದು ವಿಷಯ. ಎಂಡೋಥೀಲಿಯಂ ಅಂದರೆ ನಾಳದ ಒಳಮೈಯಲ್ಲಿ ಉದ್ದಕ್ಕೂ ಹರಡಿರುವ, ಒಂದೇ ಸಾಲು ಜೀವಕೋಶಗಳ ಪದರ.

ಇದಕ್ಕೆ ‘ಒಳಪದರ’ ಸಾಕು. ‘ಒಳಪೊರೆ’ ಅಂದರೆ ಹಾವು ಕಳಚುವುದೋ, ಕಣ್ಣಿಗೆ ಬರುವುದೋ ನೆನಪಾಗುತ್ತದೆ. ‘ಅಂತಃಸ್ತರ’ ಓದಿ ಯಾರಿಗೆ ಏನು ತಿಳಿಯುತ್ತದೆ ಹೇಳಿ?

ತೊಡಕಿರುವುದು ‘ಕೆಡುವುದು’ ಅನ್ನುವಲ್ಲಿ. ‘ಒಳಪದರದ ಹಾನಿ’ ಅಂತ ಬರೆದು ಕೆಲವರಿಗೆ ಓದಿಸಿದೆ. ‘ಬ್ಲಾಕ್ ಆಗಿದೆಯಾ?’ ಅಂತಲೇ ಕೇಳಿದರು. ಬೋರ್‌ವೆಲ್ ಪೈಪಿಗೆ ಸುಣ್ಣ ಕಟ್ಟುವುದನ್ನು ನೋಡುತ್ತಾ ಬೆಳೆದವರಿಗೆ ಹಾಗನ್ನಿಸುವುದು ಸಹಜ ಅಲ್ವಾ? ಆದರೆ ಒಳಗೆ ಏನೂ ಕಟ್ಟಿಕೊಂಡಿರಬೇಕಿಲ್ಲ. ಈ ಪದರ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಅದರಿಂದ ನಾಳದ ಸ್ನಾಯು ಸಡಿಲವಾಗಿ ನಾಳ ಹಿಗ್ಗುತ್ತದೆ. (ಈ ಅನಿಲದ ಕೆಲಸ ಪತ್ತೆಹಚ್ಚಿದ್ದಕ್ಕೆ 1998ರಲ್ಲಿ ಮೂವರಿಗೆ ನೊಬೆಲ್ ಬಂತು.) ಕಿಡ್ನಿ ಸೋತವರ ರಕ್ತದಲ್ಲಿ ಎಡಿಎಂಎ ಎಂಬ ವಸ್ತು ಜಾಸ್ತಿಯಾಗಿ ಈ ತಯಾರಿಕೆಗೇ ಅಡ್ಡ ಬರುತ್ತದೆ. ನಾಳ ಬಿಗಿಯುತ್ತದೆ, ರಕ್ತ ಹೆಪ್ಪುಗಟ್ಟುವುದು ಸುಲಭವಾಗುತ್ತದೆ. ಬ್ಲಾಕ್ ಬಂದರೆ ಆಮೇಲೆ. ಕಿಡ್ನಿ ಕಾಯಿಲೆಯವರಿಗೆ ಹೃದಯದ ತೊಂದರೆ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆಯಲ್ಲಿ ಅಳೆಯುವುದೂ ಕೆಲಸವನ್ನೇ. ತೋಳಿಗೆ ಬಿಪಿ ಪಟ್ಟಿ ಬಿಗಿದು 5 ನಿಮಿಷ ರಕ್ತ ತಡೆಯುತ್ತಾರೆ. ಬಿಟ್ಟ ಮೇಲೆ ನಾಳ ಎಷ್ಟು ಹಿಗ್ಗಿತು ಅಂತ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ.

ಹಾಗಾಗಿ ‘ಹಾನಿ’, ‘ಸವೆತ’ ಹೊಂದುವುದಿಲ್ಲ. ‘ವೈಫಲ್ಯ’ ಅಂದರೆ ಪೂರ್ತಿ ನಿಂತೇಹೋದ ಹಾಗೆ ಕೇಳುತ್ತದೆ, ಕಿಡ್ನಿಗೂ ಅದನ್ನೇ ಬಳಸಿದ್ದೇವೆ. ‘ಕೆಲಸಗೇಡು’ ಅನ್ನೋಣವೆಂದರೆ ಯಾರನ್ನೋ ಕೆಲಸಗೇಡಿ ಅಂತ ಬೈದಂತಿದೆ! ಸದ್ಯಕ್ಕೆ ‘ಒಳಪದರ ಕೆಲಸ ತಪ್ಪುವುದು’ ಅಂತ ಇಟ್ಟಿದ್ದೇನೆ. ತಲೆಬರಹಕ್ಕೆ ಹೊಂದುವ ಗಿಡ್ಡ ಪದ ಯಾರಿಗಾದರೂ ಹೊಳೆಯುತ್ತದೆಯೇ?

ಇನ್ನೊಂದು ಪ್ರಶ್ನೆ. ಇಲ್ಲಿ ರಕ್ತನಾಳಕ್ಕೆ ಬಾಯಲ್ಲಿ ಬರುವುದು ‘ನರ’. ‘ನರ ಸಿಗ್ತಿಲ್ಲ, ಸೂಜಿ ಹೋಗ್ತಿಲ್ಲ’ ಅನ್ನುತ್ತಾರೆ. ಮನೆಯಲ್ಲಿ ತೆಲುಗು ಆಡುವವರ ‘ನರಂ’ ಕೂಡ ಹಾಗೇ. ಆದರೆ ‘ನರದ ಒಳಪದರ’ ಅಂತ ಬರೆದರೆ ನರದೌರ್ಬಲ್ಯದ ಮಾತ್ರೆ ಕೇಳಿಕೊಂಡು ಮೆಡಿಕಲ್ ಶಾಪಿಗೆ ಹೋದಾರು. ‘ರಕ್ತದ ನರ’ ಅನ್ನುವ ಬಳಕೆ ತುಮಕೂರು, ಚಿಕ್ಕಬಳ್ಳಾಪುರದ ಕಡೆ ಇದೆಯೇ? ಇದ್ದರೆ ಅದನ್ನೇ ಹಾಕಿಬಿಡುತ್ತೇನೆ.