ಕೋಝಿ ಮಿಸ್ಟರಿಗೆ ವಿಮರ್ಶೆ: ಏನನ್ನು ಅಳೆಯಬೇಕು, ಎಷ್ಟು ಹೇಳಬೇಕು?

ಬುಕ್‌ಮಾರ್ಕ್ ಕೇಳಿದ್ದು:

ಪೊಲೀಸರಲ್ಲದ ಸಾಮಾನ್ಯರು ಕೊಲೆಯ ಜಾಡು ಹಿಡಿಯುವ ಕೋಝಿ ಕಾದಂಬರಿಗಳಿಗೆ ವಿಮರ್ಶೆ ಬರೆಯುವ ಬಗ್ಗೆ ಕೇಳಬೇಕಿತ್ತು. ಈ ವಿಮರ್ಶೆಗಳಲ್ಲಿ ಬಹುಪಾಲು ಹಿಂಬದಿ ರಕ್ಷಾಪುಟದ ಕಥಾಸಾರವನ್ನೇ ಬೇರೆ ಮಾತಿನಲ್ಲಿ ಹೇಳಿ, ‘ಕೊನೆಯವರೆಗೂ ಗೊತ್ತಾಗಲಿಲ್ಲ, ಚೆನ್ನಾಗಿದೆ’ ಎಂದು ಮುಗಿದುಬಿಡುತ್ತವೆ. ಸ್ವಲ್ಪ ಆಳಕ್ಕಿಳಿದರೆ ಗುಟ್ಟು ರಟ್ಟಾಗುತ್ತದೆ. ಲೇಖಕರು ಓದುಗರಿಗೆ ಮೋಸ ಮಾಡಿದ್ದಾರೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ? ಕೊಲೆಗಾರ ಯಾರೆಂದು ಮೊದಲೇ ಗೊತ್ತಾದರೆ ಅದನ್ನು ದೋಷ ಎನ್ನಬಹುದೇ? ಕಥೆಯನ್ನು ಎಲ್ಲಿಯವರೆಗೆ ಹೇಳಬಹುದು?

ಮೂರನೇ ಸಾಕ್ಷಿ:

ಮೊದಲೆರಡು ಪ್ರಶ್ನೆಗೆ ಉತ್ತರ ಓದುವ ಕ್ರಮದಲ್ಲೇ ಇದೆ. ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ ಪುಸ್ತಕದೊಳಗೇ ಇಟ್ಟುಕೊಳ್ಳಿ. ಎಡಗಡೆ ಪಾತ್ರದ ಹೆಸರು, ಸತ್ತವರಿಗೂ ಅವರಿಗೂ ಏನು ಸಂಬಂಧ, ಮೊದಲು ಕಾಣಿಸಿಕೊಂಡ ಪುಟ. ಬಲಗಡೆ, ಕೊಲೆಯ ಹೊತ್ತಿಗೆ ತಾವು ಎಲ್ಲಿದ್ದೆವೆಂದು ಅವರು ಹೇಳಿದ್ದು ಮತ್ತು ಅದನ್ನು ಕಣ್ಣಾರೆ ಕಂಡವರು ಯಾರು ಎಂಬುದು. ಈ ಕೊನೆಯ ಅಂಶವನ್ನೇ ಜನ ಬಿಟ್ಟುಬಿಡುತ್ತಾರೆ. ‘ಅವರು ಅಡುಗೆಮನೆಯಲ್ಲಿದ್ದರು’ ಎಂಬುದು ನಿರೂಪಕಿ ನೋಡಿದ್ದೋ, ಇನ್ನೊಬ್ಬರು ಹೇಳಿದ್ದೋ, ಅವರೇ ಹೇಳಿಕೊಂಡದ್ದೋ? ಪುಸ್ತಕದ ಗುಟ್ಟು ಎಷ್ಟೋ ಸಲ ಈ ಮೂರರ ನಡುವಿನ ವ್ಯತ್ಯಾಸದಲ್ಲೇ ಅಡಗಿರುತ್ತದೆ.

ಹೆಚ್ಚಿನ ಕೋಝಿಗಳಲ್ಲಿ ಕೊನೆಯ ಐದನೇ ಒಂದು ಭಾಗದ ಆಸುಪಾಸಿನಲ್ಲಿ ನಾಯಕಿಗೆ ತಟ್ಟನೆ ಏನೋ ಹೊಳೆಯುತ್ತದೆ. ಅಲ್ಲಿ ಪುಸ್ತಕ ಮುಚ್ಚಿ, ಯಾರು, ಯಾಕೆ, ಹೇಗೆ ಎಂದು ಮೂರು ಸಾಲು ಬರೆಯಿರಿ. ಎಲರಿ ಕ್ವೀನ್ ಹೆಸರಿನಲ್ಲಿ 1929ರಲ್ಲಿ ಬಂದ ಮೊದಲ ಕಾದಂಬರಿ ಇಂಥ ಜಾಗದಲ್ಲೇ ಕಥೆಯನ್ನು ತಡೆದು, ಬೇಕಾದ ಸಂಗತಿಗಳೆಲ್ಲ ನಿಮ್ಮ ಮುಂದಿವೆ ಎಂದು ಓದುಗರಿಗೆ ನೇರವಾಗಿ ಸವಾಲು ಹಾಕಿತ್ತು. ಈಗಿನ ಪುಸ್ತಕಗಳು ಬಾಯಿಬಿಟ್ಟು ಹಾಗೆ ಕೇಳುವುದಿಲ್ಲ. ವಿಮರ್ಶಕರು ತಾವಾಗಿಯೇ ಆ ಜಾಗ ಗುರುತಿಸಿಕೊಳ್ಳಬೇಕು.

ಪುಸ್ತಕ ಮುಗಿದ ಮೇಲೆ ಲೆಕ್ಕವನ್ನು ಹಿಂದಿನಿಂದ ಹಾಕಿ. ನಾಯಕಿ ತನ್ನ ವಿವರಣೆಯಲ್ಲಿ ಕೊಡುವ ಕಾರಣಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದರ ಎದುರೂ ಅದು ಮೊದಲು ಬಂದ ಪುಟ ಬರೆಯಿರಿ. ಕೊಲೆಗಾರನನ್ನು ಉಳಿದವರಿಂದ ಬೇರ್ಪಡಿಸುವ ಕಾರಣ, ಉದಾಹರಣೆಗೆ ಹಳೆಯ ಮದುವೆ, ಬದಲಾದ ಉಯಿಲು, ಎಡಗೈ ಬಳಕೆ, ಕೊನೆಯ ಅಧ್ಯಾಯದಲ್ಲೇ ಮೊದಲ ಸಲ ಕಂಡರೆ ಅದು ಮೋಸ. ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್ ಇಂಥ ಕಥೆಗಳಿಗೆಂದು 1929ರಲ್ಲಿ ಬರೆದ ಹತ್ತು ನಿಯಮಗಳಲ್ಲಿ ಎರಡು ಇವತ್ತಿಗೂ ಸಡಿಲವಾಗಿಲ್ಲ: ಅಪರಾಧಿ ಕಥೆಯ ಮೊದಲ ಭಾಗದಲ್ಲೇ ಬಂದಿರಬೇಕು, ಪತ್ತೇದಾರರಿಗೆ ಸಿಕ್ಕ ಸುಳಿವನ್ನು ಓದುಗರಿಗೂ ಆಗಲೇ ತೋರಿಸಬೇಕು. ‘ಅವಳು ಕಾಗದವನ್ನು ಓದಿದಳು, ಮುಖ ಬಿಳಿಚಿತು’ ಎಂದು ಬರೆದು ಕಾಗದದಲ್ಲಿ ಏನಿತ್ತೆಂದು ಹೇಳದಿರುವುದು ಈ ಎರಡನೆಯದನ್ನು ಮುರಿಯುತ್ತದೆ. ವಿಮರ್ಶೆಯಲ್ಲಿ ಇದನ್ನು ಹೆಸರಿಟ್ಟು ಹೇಳಬೇಕು. ಗುಟ್ಟೂ ಬಯಲಾಗುವುದಿಲ್ಲ.

ಸುಳಿವು ಇದ್ದೂ ಕಾಣಲಿಲ್ಲವಾದರೆ ಅದು ಲೇಖಕರ ಕೈಚಳಕ. ಎಲ್ಲಿ ಅಡಗಿತ್ತೆಂದು ಹುಡುಕುವುದೇ ವಿಮರ್ಶೆಯ ಅತ್ಯಂತ ಸುಖದ ಭಾಗ. ಮೇಜಿನ ಮೇಲಿದ್ದ ಐದು ವಸ್ತುಗಳ ಪಟ್ಟಿಯಲ್ಲಿ ಮೂರನೆಯದಾಗಿ ತೂರಿಸಿರುತ್ತಾರೆ. ಸುಳಿವು ಬಂದ ಮರುಸಾಲಿನಲ್ಲೇ ಬಾಗಿಲು ಬಡಿದು ಗಮನ ಆ ಕಡೆ ಹೋಗುತ್ತದೆ. ಇಲ್ಲವೇ ಸುಳಿವಿನ ಜೊತೆಗೇ ಒಂದು ತಪ್ಪು ವಿವರಣೆಯನ್ನೂ ಕೊಟ್ಟುಬಿಡುತ್ತಾರೆ: ಒದ್ದೆ ಕೊಡೆ ಕಂಡಿತು, ಹೊರಗೆ ಮಳೆ ಬರುತ್ತಿತ್ತು. ಆದರೆ ಕೊಡೆಯವರು ಬೆಳಗ್ಗಿನಿಂದ ಹೊರಗೇ ಹೋಗಿಲ್ಲ ಎಂದು ನಲವತ್ತು ಪುಟ ಹಿಂದೆ ಹೇಳಿದ್ದು ಆ ಹೊತ್ತಿಗೆ ಮರೆತಿರುತ್ತದೆ.

ಇನ್ನು ಎರಡನೇ ಪ್ರಶ್ನೆ. ಮೊದಲೇ ಗೊತ್ತಾಯಿತು ಎನ್ನುವುದಷ್ಟೇ ದೋಷವಲ್ಲ, ಹೇಗೆ ಗೊತ್ತಾಯಿತೆಂದು ನೋಡಿ. ಸುಳಿವುಗಳನ್ನು ಜೋಡಿಸಿ ತಿಳಿದಿದ್ದರೆ ಪುಸ್ತಕ ಗೆದ್ದ ಹಾಗೆಯೇ. ಕಥೆಯಲ್ಲಿ ಬೇರೆ ಯಾವ ಕೆಲಸವೂ ಇಲ್ಲದ ಪಾತ್ರವೊಂದು ಮತ್ತೆ ಮತ್ತೆ ಬರುತ್ತಿದೆ, ಹಾಗಾದರೆ ಇವರೇ ಇರಬೇಕು ಎಂದು ಹೊಳೆದಿದ್ದರೆ ಕಟ್ಟಡದ ಬಿರುಕು ಕಂಡಿದೆ ಎಂದರ್ಥ. ನಿಮ್ಮ ಮೂರು ಸಾಲಿನಲ್ಲಿ ‘ಯಾರು’ ಸರಿಯಾಗಿದ್ದು ‘ಯಾಕೆ’ ಮತ್ತು ‘ಹೇಗೆ’ ತಪ್ಪಿದ್ದರೆ ಬಹುತೇಕ ಈ ಎರಡನೇ ಬಗೆಯೇ.

ನೀಲಿ ಶಾಯಿ:

ಮೂರನೇ ಸಾಕ್ಷಿಯವರು ಒಗಟಿನ ಬಗ್ಗೆ ಹೇಳಿದ್ದಾರೆ, ಒಪ್ಪುತ್ತೇನೆ. ಆದರೆ ಒಗಟು ಸರಿಯಿದ್ದೂ ಕೋಝಿ ಬೀಳುವುದು ಪತ್ತೇದಾರರ ಕಾರಣದಿಂದ. ಅವರ ಹತ್ತಿರ ಗುರುತಿನ ಚೀಟಿಯಿಲ್ಲ, ವಾರಂಟ್ ಇಲ್ಲ, ಪ್ರಯೋಗಾಲಯವಿಲ್ಲ. ಹಾಗಿದ್ದ ಮೇಲೆ ಈಕೆ ಯಾಕೆ ಕೈ ಹಾಕಿದಳು, ಜನ ಈಕೆಗೆ ಯಾಕೆ ಬಾಯಿಬಿಟ್ಟರು ಎಂಬ ಎರಡು ಪ್ರಶ್ನೆಗೆ ಪುಸ್ತಕವೇ ಉತ್ತರ ಕೊಡಬೇಕು.

ಕೈ ಹಾಕಲು ಕುತೂಹಲವೊಂದೇ ಸಾಲದು. ತನ್ನ ಮೇಲೋ ತನ್ನವರ ಮೇಲೋ ಅನುಮಾನ ಬಂದಿರಬೇಕು, ಕೊಲೆಯಿಂದ ಅವಳ ಕಸುಬಿಗೆ ಪೆಟ್ಟು ಬಿದ್ದಿರಬೇಕು, ಇಲ್ಲವೇ ಪೊಲೀಸರು ಅಪಘಾತ ಎಂದು ಕೈಬಿಟ್ಟದ್ದನ್ನು ಸುಳ್ಳೆಂದು ತೋರಿಸುವ ಸಂಗತಿ ಅವಳೊಬ್ಬಳಿಗೇ ಗೊತ್ತಿರಬೇಕು. ಈ ಕಾರಣ ಕಥೆ ಸಾಗಿದಂತೆ ಬಿಗಿಯಾಗುತ್ತ ಹೋಗಬೇಕು. ಸ್ನೇಹಿತೆಯನ್ನು ಬಿಡಿಸಲೆಂದು ಹೊರಟವಳು, ಸ್ನೇಹಿತೆ ಅರ್ಧದಲ್ಲೇ ಬಿಡುಗಡೆಯಾದ ಮೇಲೂ ಹುಡುಕುತ್ತಲೇ ಇದ್ದರೆ, ಈಗ ಯಾಕೆ ಎಂಬುದಕ್ಕೆ ಹೊಸ ಕಾರಣ ಬೇಕು. ನಡುವಿನ ಅಧ್ಯಾಯಗಳು ಜೋಲು ಬೀಳುವುದು ಹೆಚ್ಚಾಗಿ ಇಲ್ಲಿಯೇ.

ಮಾಹಿತಿ ಸಿಗುವ ದಾರಿ ಅವಳ ಕಸುಬಿನಿಂದಲೇ ಹುಟ್ಟಬೇಕು. ಗ್ರಂಥಪಾಲಕಿಗೆ ಯಾರು ಯಾವ ಪುಸ್ತಕ ಒಯ್ದರೆಂದು ಗೊತ್ತು, ದರ್ಜಿಗೆ ಯಾರ ಅಳತೆ ಎಷ್ಟು ಇಳಿದಿದೆಯೆಂದು ಗೊತ್ತು. 1930ರಲ್ಲಿ ಕಾದಂಬರಿಗೆ ಬಂದ, ಅಗಾಥಾ ಕ್ರಿಸ್ಟಿಯವರ ವೃದ್ಧ ಪತ್ತೇದಾರೆ ಮಿಸ್ ಮಾರ್ಪಲ್ ಬಳಿ ಇದ್ದದ್ದು ಹಳ್ಳಿಯ ಜನರ ಸ್ವಭಾವದ ನೆನಪು. ಎದುರಿಗಿರುವವರು ಹಿಂದೊಮ್ಮೆ ಕಂಡ ಯಾರಂತೆ ಎಂದು ಹೋಲಿಸಿಯೇ ಆಕೆ ಜಾಡು ಹಿಡಿಯುತ್ತಾಳೆ. ಈಗಿನ ಎಷ್ಟೋ ಸರಣಿಗಳಲ್ಲಿ ನಾಯಕಿಯ ಕಸುಬು ಮುಖಪುಟದ ಚಿತ್ರಕ್ಕೆ ಮಾತ್ರ. ತನಿಖೆಗೆ ಬೇಕಾದ ಮಾಹಿತಿಯನ್ನು ಪ್ರೀತಿಸುವ ಪೊಲೀಸ್ ಅಧಿಕಾರಿ ತಂದುಕೊಡುತ್ತಾನೆ. ಇದನ್ನು ಅಳೆಯಲು ಒಂದು ಸುಲಭದ ದಾರಿ ಇದೆ. ಮುಖ್ಯ ಸುಳಿವುಗಳಲ್ಲಿ ಅವಳೇ ಕಂಡುಕೊಂಡದ್ದು ಎಷ್ಟು, ತಾನಾಗಿ ಬಂದು ಬಿದ್ದದ್ದು ಅಥವಾ ಕದ್ದು ಕೇಳಿಸಿಕೊಂಡದ್ದು ಎಷ್ಟು ಎಂದು ಎಣಿಸಿ. ಆರು ಸುಳಿವಿನಲ್ಲಿ ನಾಲ್ಕು ಕದ್ದು ಕೇಳಿದ್ದಾದರೆ ಅವಳು ಪತ್ತೆ ಮಾಡಿದಳು ಎನ್ನಲು ಬರುವುದಿಲ್ಲ.

ಸಾಕ್ಷ್ಯ ಸಿಕ್ಕರೂ ಪೊಲೀಸರಿಗೆ ಹೇಳದಿರುವುದು, ಕೊಲೆಗಾರ ಇವನೇ ಎಂದು ತಿಳಿದೂ ಯಾರಿಗೂ ಹೇಳದೆ ಒಬ್ಬಳೇ ಹೋಗುವುದು, ಅಲ್ಲಿ ಕೊಲೆಗಾರ ಎಲ್ಲವನ್ನೂ ತಾನಾಗಿ ಒಪ್ಪಿಕೊಳ್ಳುವುದು, ಈ ಮೂರೂ ಒಟ್ಟಿಗೆ ಬಂದರೆ ತರ್ಕದಿಂದ ಕಟ್ಟಬೇಕಾದ ಮುಕ್ತಾಯವನ್ನು ಲೇಖಕರು ತಪ್ಪೊಪ್ಪಿಗೆಯಿಂದ ಮುಚ್ಚಿದ್ದಾರೆಂದು ತಿಳಿಯಿರಿ. ತಪ್ಪೊಪ್ಪಿಗೆಯನ್ನು ತೆಗೆದುಹಾಕಿ ನೋಡಿ. ಉಳಿದದ್ದರಿಂದ ಅಪರಾಧ ಸಾಬೀತಾಗುತ್ತದೆಯೇ?

ವೈದ್ಯಕೀಯ ವಿವರಗಳನ್ನೂ ಬಿಡಬೇಡಿ. ದೇಹ ಸೆಟೆದುಕೊಳ್ಳಲು ಶುರುವಾಗುವುದು ಸಾಮಾನ್ಯವಾಗಿ ಸತ್ತ 2ರಿಂದ 4 ಗಂಟೆಯಲ್ಲಿ, ಪೂರ್ತಿ ಸೆಟೆಯಲು ಸುಮಾರು 12 ಗಂಟೆ ಬೇಕು, ಅದೂ ಕೋಣೆಯ ಶಾಖದ ಮೇಲೆ ಹಿಂದೆಮುಂದೆ ಆಗುತ್ತದೆ. ವೈದ್ಯರು ಹೆಣವನ್ನು ನೋಡಿದೊಡನೆ ‘9 ಗಂಟೆ 10 ನಿಮಿಷಕ್ಕೆ’ ಎಂದರೆ, ಆ ಸಮಯದ ಮೇಲೆ ಕಟ್ಟಿದ ಅಲಿಬಿಗಳೆಲ್ಲ, ಅಂದರೆ ಆಗ ತಾವು ಬೇರೆ ಕಡೆ ಇದ್ದೆವೆಂಬ ಸಮರ್ಥನೆಗಳೆಲ್ಲ, ಅಲುಗಾಡುತ್ತವೆ. ವಿಷದಲ್ಲೂ ಹೀಗೆಯೇ. ಸಯನೈಡ್ ನಿಮಿಷಗಳಲ್ಲಿ ಕೊಲ್ಲಬಲ್ಲದು. ಆರ್ಸೆನಿಕ್‌ನಲ್ಲಿ ವಾಂತಿ, ಭೇದಿ ಶುರುವಾಗಿ ಸಾವು ಬರಲು ಗಂಟೆಗಳೋ ದಿನಗಳೋ ಬೇಕು. ಎರಡನ್ನೂ ಅದಲುಬದಲು ಮಾಡಿದ ಪುಸ್ತಕದಲ್ಲಿ, ವಿಷ ಹಾಕಲು ಯಾರಿಗೆ ಅವಕಾಶವಿತ್ತು ಎಂಬ ಪ್ರಶ್ನೆಯೇ ತಲೆಕೆಳಗಾಗುತ್ತದೆ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದವರು. ಅವರ ಕಥೆಗಳಲ್ಲಿ ವಿಷ ಅಷ್ಟು ನಂಬುವಂತಿರುವುದಕ್ಕೆ ಅದೇ ಬುನಾದಿ.

ಸಾಲುಗಳ ನಡುವೆ:

ಮೂರನೇ ಪ್ರಶ್ನೆಗೆ ಬರೋಣ. ಮೊದಲ ಹೆಣ ಬಿದ್ದು, ನಾಯಕಿ ಕೈ ಹಾಕುವ ತನಕ ಹೇಳಬಹುದು. ಸಾಮಾನ್ಯವಾಗಿ ಅದು ಪುಸ್ತಕದ ಮೊದಲ ಕಾಲುಭಾಗದೊಳಗೆ ಮುಗಿಯುತ್ತದೆ. ಎರಡನೇ ಕೊಲೆಯಿದ್ದರೆ ಸತ್ತವರ ಹೆಸರು ಹೇಳಲೇಬಾರದು, ಯಾಕೆಂದರೆ ಸತ್ತವರು ಅಲ್ಲಿಯವರೆಗೆ ಶಂಕಿತರ ಸಾಲಿನಲ್ಲಿರುತ್ತಾರೆ.

ಆದರೆ ಗುಟ್ಟು ಸೋರುವುದು ಕಥಾಸಾರಕ್ಕಿಂತ ವಿಶೇಷಣಗಳಿಂದ. ‘ಕೊನೆಯ ತಿರುವು ಬೆಚ್ಚಿಬೀಳಿಸುತ್ತದೆ’ ಎಂದ ಕೂಡಲೇ ಓದುಗರು ಮೇಲ್ನೋಟದ ಶಂಕಿತರನ್ನು ತಳ್ಳಿಹಾಕಿ ಕೂರುತ್ತಾರೆ. ‘ಯಾರನ್ನೂ ನಂಬಬೇಡಿ’ ಎಂದರೆ ಮೊದಲು ನಿರೂಪಕರ ಮೇಲೆಯೇ ಕಣ್ಣಿಡುತ್ತಾರೆ. ಐದು ಶಂಕಿತರ ಬಗ್ಗೆ ಬರೆದು ಆರನೆಯವರನ್ನು ಬಿಟ್ಟರೆ ಆ ಬಿಟ್ಟದ್ದೇ ಬೆರಳು ತೋರಿಸುತ್ತದೆ. ಒಬ್ಬರ ಪಾತ್ರಚಿತ್ರಣವನ್ನು ಮಾತ್ರ ಉದ್ದಕ್ಕೆ ಹೊಗಳಿದರೂ ಅಷ್ಟೇ. ಶಂಕಿತರನ್ನು ಹೆಸರಿಸುವುದಾದರೆ ಎಲ್ಲರನ್ನೂ ಒಂದೇ ತೂಕದಲ್ಲಿ ಹೆಸರಿಸಿ, ಇಲ್ಲವೇ ಯಾರನ್ನೂ ಬೇಡ.

ಸರಣಿಯ ನಡುವಿನ ಪುಸ್ತಕವಾದರೆ ಇನ್ನೊಂದು ಅಪಾಯವಿದೆ. ‘ಹಿಂದಿನ ಪುಸ್ತಕದಲ್ಲಿ ಜೈಲು ಸೇರಿದ ಅಂಗಡಿಯವರು’ ಎಂಬ ಅರ್ಧ ವಾಕ್ಯ ಆ ಹಿಂದಿನ ಪುಸ್ತಕವನ್ನೇ ಕೆಡಿಸುತ್ತದೆ. ಲೇಖಕರೇ ಒಳಗೆ ಹಾಗೆ ಬರೆದಿದ್ದರೆ, ‘ಇದನ್ನು ಓದುವ ಮುಂಚೆ ಮೊದಲೆರಡನ್ನು ಓದಿ’ ಎಂದು ಎಚ್ಚರಿಸುವುದು ವಿಮರ್ಶಕರ ಕರ್ತವ್ಯ.

ಬುಕ್‌ಮಾರ್ಕ್:

ತುಂಬ ಉಪಯೋಗವಾಯಿತು. ಇನ್ನೊಂದು ಅನುಮಾನ: ಒಗಟು ಸಾಧಾರಣ, ಆದರೆ ಊರು, ಜನ, ಮಾತುಕತೆ ಸೊಗಸಾಗಿದೆ. ಅಂಥ ಪುಸ್ತಕಕ್ಕೆ ಎಷ್ಟು ನಕ್ಷತ್ರ?

ಹಳೇ ಗಡಿಯಾರ:

ಇಲ್ಲಿ ಮೇಲಿನವರಿಗಿಂತ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕೋಝಿಯ ಓದುಗರಲ್ಲಿ ಬಹಳ ಮಂದಿ ಒಗಟಿಗಾಗಿ ಒಮ್ಮೆ ಬರುತ್ತಾರೆ, ಜನರಿಗಾಗಿ ಎಂಟು ಸಲ ಮರಳುತ್ತಾರೆ. ಆದ್ದರಿಂದ ಒಂದೇ ಅಂಕ ಕೊಡುವುದನ್ನು ಬಿಟ್ಟು, ಒಗಟು, ಪತ್ತೇದಾರರು, ಊರು ಮತ್ತು ಜನ ಎಂದು ಮೂರಕ್ಕೂ ಬೇರೆ ಬೇರೆ ಹೇಳಿ. ಒಂದೇ ಅಂಕ ಕೊಡಬೇಕಾದ ಕಡೆ, ಒಗಟು ಸಾಧಾರಣವಾಗಿದ್ದರೂ ಪ್ರಾಮಾಣಿಕವಾಗಿದ್ದರೆ ಐದಕ್ಕೆ ನಾಲ್ಕು ಕೊಡಲು ಹಿಂಜರಿಯಬೇಡಿ. ಒಗಟಿನಲ್ಲಿ ಮೋಸವಿದ್ದರೆ ಊರು ಎಷ್ಟೇ ಚೆಂದವಿರಲಿ, ಮೂರು ದಾಟಬಾರದು.

ಊರನ್ನು ಅಳೆಯುವಾಗ ನಾನು ಒತ್ತಿ ಹೇಳುವುದು ಒಂದನ್ನೇ: ಸತ್ತವರಿಗಾಗಿ ಅಳುವವರು ಯಾರಾದರೂ ಇದ್ದಾರೆಯೇ? ಕೋಝಿಯಲ್ಲಿ ರಕ್ತ, ಕ್ರೌರ್ಯ ತೆರೆಮರೆಗೆ ಸರಿಯುತ್ತವೆ, ಅದು ಪ್ರಕಾರದ ಒಪ್ಪಂದ. ಇಂಥ ಕಥೆಗಳ ಅಭಿಮಾನಿಗಳು ಸೇರುವ ಅಮೆರಿಕದ ಮ್ಯಾಲಿಸ್ ಡೊಮೆಸ್ಟಿಕ್ ಸಮ್ಮೇಳನ 1989ರಿಂದ ಕೊಡುತ್ತಿರುವ ಅಗಾಥಾ ಪ್ರಶಸ್ತಿಯೂ ಅತಿಯಾದ ರಕ್ತಪಾತ, ಅನಗತ್ಯ ಹಿಂಸೆ ಇಲ್ಲದ ಪುಸ್ತಕಗಳಿಗೇ ಮೀಸಲು. ಆದರೆ ರಕ್ತವನ್ನು ಮರೆಮಾಡುವುದು ಬೇರೆ, ಸಾವನ್ನೇ ಹಗುರ ಮಾಡುವುದು ಬೇರೆ. ಮೂರನೇ ಅಧ್ಯಾಯದಲ್ಲಿ ಹೆಣ ಸಿಕ್ಕಿ, ನಾಲ್ಕರಲ್ಲಿ ಎಲ್ಲರೂ ನಗುತ್ತ ಜಾತ್ರೆಯ ಸಿದ್ಧತೆಗೆ ಮರಳಿದರೆ ಆ ಊರಿನ ಮೇಲಿನ ನಂಬಿಕೆ ಹೋಗುತ್ತದೆ. ಸತ್ತವರು ಎಲ್ಲರೂ ದ್ವೇಷಿಸುತ್ತಿದ್ದ ದುಷ್ಟರೇ ಆಗಿರುವುದು ಇದರಿಂದ ತಪ್ಪಿಸಿಕೊಳ್ಳುವ ಹಳೆಯ ಉಪಾಯ. ಒಮ್ಮೆ ಸರಿ, ಸರಣಿಯ ಪ್ರತಿ ಪುಸ್ತಕದಲ್ಲೂ ಅದೇ ಆದರೆ ವಿಮರ್ಶೆಯಲ್ಲಿ ಬರೆಯಿರಿ.

ಚಿಕ್ಕ ಊರಿನಲ್ಲಿ ಇಷ್ಟು ಕೊಲೆಗಳೇ ಎಂಬ ಆಕ್ಷೇಪವನ್ನು ಮಾತ್ರ ಕೈಬಿಡಿ. 1984ರಿಂದ 1996ರವರೆಗೆ ಅಮೆರಿಕದ ಟಿವಿಯಲ್ಲಿ ಬಂದ ಧಾರಾವಾಹಿಯೊಂದರ ಪುಟ್ಟ ಊರಿನಿಂದಾಗಿ ಅದಕ್ಕೆ ಕ್ಯಾಬಟ್ ಕೋವ್ ಸಿಂಡ್ರೋಮ್ ಎಂಬ ಹೆಸರೇ ಬಂದಿದೆ. ಓದುಗರು ಅದನ್ನು ಒಪ್ಪಿಕೊಂಡೇ ಪುಸ್ತಕ ತೆರೆಯುತ್ತಾರೆ.

ಕೊನೆಯಲ್ಲಿ ಅಡುಗೆ ವಿಧಾನವೋ ಹೆಣಿಗೆಯ ವಿನ್ಯಾಸವೋ ಕೊಟ್ಟಿದ್ದರೆ, ಅಳತೆಗಳು ಪೂರ್ತಿ ಇವೆಯೇ ಎಂದು ಒಮ್ಮೆ ನೋಡಿ ಒಂದು ಸಾಲು ಬರೆದರೆ ಸಾಕು.

ಮೂರನೇ ಸಾಕ್ಷಿ:

ಹಳೇ ಗಡಿಯಾರ ಅವರ ಮೂರು-ನಾಲ್ಕರ ಗೆರೆ ನನಗೂ ಒಪ್ಪಿಗೆ. ಬುಕ್‌ಮಾರ್ಕ್ ಅವರೇ, ಮೋಸವೆಂದು ಬರೆಯುವ ಮುಂಚೆ ಸುಳಿವನ್ನು ಹುಡುಕಿ ಇನ್ನೊಮ್ಮೆ ಪುಟ ತಿರುವಿ. ಇ-ಪುಸ್ತಕವಾದರೆ ಆ ವಸ್ತುವಿನ ಹೆಸರನ್ನು, ಅದಕ್ಕೆ ಬಳಸಬಹುದಾದ ಇನ್ನೊಂದೆರಡು ಪದಗಳನ್ನು ಹಾಕಿ ಹುಡುಕಿ. ‘ಸೂಜಿ’ ಎಂದು ಹುಡುಕಿದರೆ ಸಿಗದ್ದು ‘ಹೊಲಿಗೆ ಡಬ್ಬಿ’ ಎಂದರೆ ಹನ್ನೆರಡನೇ ಪುಟದಲ್ಲೇ ಸಿಗಬಹುದು.