ಸಕಲೇಶಪುರ ಘಾಟ್ ಓಡಿಸೋಕೆ ಯಾವ ಟ್ರೇನ್ ಸಿಮ್ಯುಲೇಟರ್? ಅನುಭವ ಇದ್ದೋರು ಹೇಳಿ

ಹಾಸನ_ಹುಡುಗ: ಎಲ್ಲರಿಗೂ ನಮಸ್ಕಾರ. ಮೊಬೈಲಲ್ಲಿ ಟ್ರೇನ್ ಗೇಮ್ ಆಡಿ ಆಡಿ ಸಾಕಾಗಿದೆ, ಪೀಸಿಗೆ ಬರೋಣ ಅಂತಿದೀನಿ. ಇರೋದು ಅಣ್ಣ ಬಿಟ್ಟುಹೋದ ಹಳೇ ಲ್ಯಾಪ್‌ಟಾಪ್. ಐ3, 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕೈಯಲ್ಲಿ 5,000 ರೂಪಾಯಿ ಇದೆ, ಅದರ ಮೇಲೆ ಆಗಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಒಂದು ಗೂಡ್ಸ್ ಇಳಿಸಬೇಕು, ಅಷ್ಟೇ ಆಸೆ. ಟ್ರೇನ್ಜಾ, ಓಪನ್ ರೈಲ್ಸಾ, ಟ್ರೇನ್ ಸಿಮ್ ವರ್ಲ್ಡಾ? ನೀವು ಯಾವುದು ಹಿಡಿದ್ರಿ, ಹೇಗಾಯ್ತು?

ಲೂಪ್‌ಲೈನ್_ಬೆಂಗಳೂರು: ನಾನು ಟ್ರೇನ್ ಸಿಮ್ಯುಲೇಟರ್ ಕ್ಲಾಸಿಕ್ ಕಡೆಯವನು. 2009ರಲ್ಲಿ ಅದಕ್ಕೆ ರೈಲ್‌ವರ್ಕ್ಸ್ ಅಂತ ಹೆಸರಿತ್ತಲ್ಲ, ಆಗಿಂದ. ಖರ್ಚಿನ ಕಥೆ ಕೇಳಿ. ಗೇಮ್ ಏನೋ ಸೇಲಲ್ಲಿ ಅಗ್ಗಕ್ಕೆ ಸಿಗುತ್ತೆ. ಆಮೇಲೆ ರೂಟಿಗೆ ಬೇರೆ ದುಡ್ಡು, ಇಂಜಿನ್ನಿಗೆ ಬೇರೆ ದುಡ್ಡು. ಹೊರಗಿನವರು ಮಾಡಿದ ಸೌಂಡ್ ಪ್ಯಾಕ್ ಪೌಂಡಲ್ಲಿ. ನನ್ನ ಕಾರ್ಡಿಗೆ ಫಾರೆಕ್ಸ್ ಮಾರ್ಕಪ್ ಶೇ 3.5, ಆ ಮಾರ್ಕಪ್ ಮೇಲೆ ಜಿಎಸ್‌ಟಿ. ಯಾರೋ ಪುಣ್ಯಾತ್ಮ ಚೆನ್ನಾಗಿರೋ ಸೀನರಿಯೋ ಹಾಕಿದಾನೆ ಅಂತ ಇಳಿಸಿಕೊಂಡ್ರೆ, ಅದಕ್ಕೆ ಬೇಕಾದ ಎರಡು ಬೋಗಿ ಇನ್ಯಾವುದೋ ರೂಟಿನ ಪ್ಯಾಕಲ್ಲಿರುತ್ತೆ. ಆ ರೂಟ್ ಬೇಡದಿದ್ರೂ ಕೊಳ್ಳಬೇಕು.

ಹೋದ ವರ್ಷ ಗ್ರಾಫಿಕ್ಸ್ ಕಾರ್ಡ್ 31,500. ಹಳೇ ಎಸ್‌ಎಂಪಿಎಸ್ (ಪವರ್ ಸಪ್ಲೈ) ಅದಕ್ಕೆ ಸಾಲಲ್ಲ ಅಂತ ಹೊಸದು 6,200. ಕಾರ್ಡ್ ಉದ್ದ, ಡಬ್ಬಕ್ಕೆ ಹಿಡೀಲಿಲ್ಲ, ಕ್ಯಾಬಿನೆಟ್ 4,800. ಯುಪಿಎಸ್ 5,400. ಮನೇಲಿ ಹೇಳಿದ್ದು ಎಸ್‌ಎಂಪಿಎಸ್ ರೇಟ್ ಒಂದೇ. ಅಂಗಡಿಯವನು ವಾರಂಟಿ ಕಾರ್ಡಿಗೆ ಸೀಲ್ ಹಾಕದೆ ಕಳಿಸಿದ, ಫ್ಯಾನ್ ಕರಕರ ಅಂದಾಗ ‘ನಮ್ಮಲ್ಲಿ ತಗೊಂಡಿದ್ದಲ್ಲ ಸಾರ್’ ಅಂದ. ಅದರ ಕಥೆ ಬೇರೇನೇ ಬರೀಬೇಕು. ಆದ್ರೂ ಸೆಟಲ್–ಕಾರ್ಲೈಲ್ ಲೈನಲ್ಲಿ ಮಳೆ ಹೊಡೀತಿರೋವಾಗ ವೈಪರ್ ಹಾಕ್ಕೊಂಡು ರಿಬಲ್‌ಹೆಡ್ ಸೇತುವೆಯ 24 ಕಮಾನು ದಾಟಿ ನೋಡಿ, ಆಮೇಲೆ ಮಾತಾಡಿ.

ಕ್ಯಾಸಲ್‌ರಾಕ್_ಬ್ಯಾಂಕರ್: ಹುಡುಗ ಕೇಳೂದು ಸಕಲೇಶಪುರ, ನೀವು ಇಂಗ್ಲೆಂಡಿನ ಮಳಿ ತೋರಿಸ್ತೀರಿ. ತಮ್ಮಾ, ಟ್ರೇನ್ಜ್ ತಗೋ. 2001ರಾಗ ಬ್ರಿಸ್ಬೇನಿನ ಔರಾನ್ ಕಂಪನಿ ಶುರು ಮಾಡಿದ್ದು, ಈಗ ಎನ್‌3ವಿ ಕೈಯಾಗ ಐತಿ. ಓಡಸೂದಕ್ಕಿಂತ ಕಟ್ಟೂದರಾಗ ಅದರ ಮಜಾ ಐತಿ. ನಾ ಕ್ಯಾಸಲ್‌ರಾಕ್–ಕುಳೆಂ ಕಟ್ಟೇನಿ, 37ಕ್ಕೆ 1 ಏರು, ಹಿಂದ ಬ್ಯಾಂಕರ್ ಅಂದ್ರ ದೂಡೂ ಇಂಜಿನ್ ಹಚ್ಚಿ. ಉಪಗ್ರಹದ ಎತ್ತರದ ಡೇಟಾ 30 ಮೀಟರಿಗೆ ಒಂದು ಚುಕ್ಕಿ. ಘಾಟಿನಾಗ ಅದು ಏನ್ ಸಾಕ್ರಿ? ಸುರಂಗದ ಬಾಯಿ ಇರೂ ಜಾಗಾದಾಗ ಗುಡ್ಡ ಜಾರಿ ಹಳಿ ಮ್ಯಾಲೆ ಬಂದು ಕುಂತಿರ್ತೈತಿ. ಒಂದೊಂದ ಬಾಯಿನೂ ಕೈಲೇ ಕೆತ್ತೇನಿ.

ಅದಾದ ಮ್ಯಾಲೆ ಕುಯಿಡ್ ಕಾಟ, ಅಂದ್ರ ಟ್ರೇನ್ಜಿನಾಗ ಒಂದೊಂದ ವಸ್ತುವಿಗೂ ಇರೂ ಗುರುತಿನ ನಂಬರ್. ಒಂದ ಸಿಗ್ನಲ್ ಕಂಬ ಇಳಿಸಿದ್ರ ಅದಕ್ಕ ದೀಪ ಬೇರೆ ಕುಯಿಡ್, ಆ ದೀಪಕ್ಕ ಸ್ಕ್ರಿಪ್ಟ್ ಬೇರೆ ಕುಯಿಡ್, ಆ ಸ್ಕ್ರಿಪ್ಟ್ ಮಾಡಿದಾಂವ ಹವ್ಯಾಸ ಬಿಟ್ಟು ಹೋಗ್ಯಾನ. ಮಿಸ್ಸಿಂಗ್ ಡಿಪೆಂಡೆನ್ಸಿ ಅಂತ ಕೆಂಪಕ್ಷರ ಬಂತಂದ್ರ ಆ ರಾತ್ರಿ ನಿದ್ದಿ ಇಲ್ಲ. ಹುಬ್ಬಳ್ಳಿ ಯಾರ್ಡ್ ಎಲ್ಲಾ ಮುಗಿಸಿ ಕೈ ತೊಳಕೊಂಡೆ ಅನ್ನೂದ್ರಾಗ 2023ರಾಗ ಪ್ಲಾಟ್‌ಫಾರ್ಮ್ 1507 ಮೀಟರ್ ಆತು. ಜಗತ್ತಿಗೇ ಉದ್ದಂತ! ಊರಿಗೆ ಹೆಮ್ಮಿ, ನನಗ ಪಾಯಿಂಟು, ಸಿಗ್ನಲ್ಲು ಎಲ್ಲಾ ಕಿತ್ತು ಹಾಕೂ ಕೆಲಸ.

ಎಡಕುಮೇರಿ: ಮಾರಾಯ್ರೆ, ದುಡ್ಡು ಕೊಟ್ಟು ತಲೆನೋವು ಯಾಕೆ? ಓಪನ್ ರೈಲ್ಸ್ ಉಂಟಲ್ಲ, ಒಂದು ಪೈಸೆ ಬೇಡ. 2001ರ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರಿನ ರೂಟು, ಇಂಜಿನ್ ಎಲ್ಲ ಇದರಲ್ಲಿ ಓಡುತ್ತದೆ. ಆ ಗೇಮಿನ ಎರಡನೇ ಆವೃತ್ತಿ ಬರುತ್ತದೆ ಅಂತ ನಾವು ಕಾದದ್ದು ಎಷ್ಟು, 2009ರಲ್ಲಿ ಸ್ಟುಡಿಯೋವನ್ನೇ ಮುಚ್ಚಿದರು. ಹವ್ಯಾಸಿಗಳು ಕೈ ಹಾಕದಿದ್ದರೆ ನಮ್ಮ ಹಳೇ ರೂಟೆಲ್ಲ ಕಸದ ಬುಟ್ಟಿಗೆ.

ನಮ್ಮ ಘಾಟಿ ನಾನು ಮಾಡಿದ್ದೇನೆ. 57 ಸುರಂಗ, 50ಕ್ಕೆ 1 ಇಳಿಜಾರು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಲ್ಲ ಉಂಟು. ನಾನು ಟೆಕ್ಸ್ಟ್ ಫೈಲ್‌ನಲ್ಲೇ ಕೆಲಸ ಮಾಡುವವ. ಇಂಜಿನ್‌ನ ಇಎನ್‌ಜಿ ಫೈಲು ನೋಟ್‌ಪ್ಯಾಡಿನಲ್ಲಿ ತೆರೆದು ತಿದ್ದಿ ಯೂನಿಕೋಡ್ ಅಂತ ಸೇವ್ ಮಾಡದಿದ್ದರೆ ಹಳೇ ಮೈಕ್ರೋಸಾಫ್ಟ್ ಗೇಮು ಅದನ್ನು ಮುಟ್ಟುವುದಿಲ್ಲ, ಗೊತ್ತುಂಟಾ? ಇದನ್ನು ಹೇಳಿಕೊಡುವವರು ಆಗ ಯಾರೂ ಇರಲಿಲ್ಲ. ಕ್ಯಾಸಲ್‌ರಾಕ್ ಅವರ ಹಾಗೆ ಗುಡ್ಡಕ್ಕೆ ಬಣ್ಣ ಹಚ್ಚುತ್ತಾ ಕೂತರೆ ಓಡಿಸುವುದು ಯಾವಾಗ?

ಕ್ಯಾಸಲ್‌ರಾಕ್_ಬ್ಯಾಂಕರ್: ಬಣ್ಣ ಹಚ್ಚೂದಂತ! ನಿಮ್ಮ ರೂಟ್ ನೋಡೇನಿ ನಾ. ಪಶ್ಚಿಮಘಟ್ಟದಾಗ ಅಮೆರಿಕಾದ ಪೈನ್ ಗಿಡ ನಿಂತಾವ.

ಎಡಕುಮೇರಿ: ಪೈನ್ ಹಳೇ ಆವೃತ್ತಿಯಲ್ಲಿ. ನೋಡದೆ ಮಾತಾಡಬೇಡಿ.

ಸಿಫಾ_ಮ್ಯೂನಿಕ್: ಇಲ್ಲಿಗೆ ಬಂದಮೇಲೆ ನನಗೆ ಜ್ಞಾನೋದಯ ಆಗಿದ್ದು ಸಿಗ್ನಲಿಂಗ್ ವಿಷಯದಲ್ಲಿ. ಜರ್ಮನ್ ರೂಟ್ ಓಡಿಸದೆ ಇದ್ದವರು ಸಿಮ್ಯುಲೇಟರ್ ಆಡಿದೀನಿ ಅನ್ನಬಾರದು, ಕೋಪ ಮಾಡ್ಕೋಬೇಡಿ. ಮುಂದಿನ ಸಿಗ್ನಲ್ ಬಗ್ಗೆ ಮೊದಲೇ ಎಚ್ಚರಿಸೋ ಡಿಸ್ಟೆಂಟ್ ಸಿಗ್ನಲ್ ಹಳದಿ ಇದ್ದಾಗ ಹಳಿ ಪಕ್ಕದ 1000 ಹರ್ಟ್ಸ್ ಮ್ಯಾಗ್ನೆಟ್ ಹಿಡಿಯುತ್ತೆ, ನೀವು ತಕ್ಷಣ ಬಟನ್ ಒತ್ತಬೇಕು. ಒತ್ತಿದ್ರೆ ಮುಗೀಲಿಲ್ಲ. ಫಾಸ್ಟ್ ಪ್ಯಾಸೆಂಜರ್ ಗಾಡಿ ಆದ್ರೆ 23 ಸೆಕೆಂಡಲ್ಲಿ ವೇಗ ಗಂಟೆಗೆ 85 ಕಿ.ಮೀ.ಗಿಂತ ಕೆಳಗೆ ಬಂದಿರಬೇಕು, ಇಲ್ಲಾಂದ್ರೆ ಪಿಜೆಡ್‌ಬಿ ಅನ್ನೋ ಸುರಕ್ಷತಾ ವ್ಯವಸ್ಥೆ ತಾನೇ ಬ್ರೇಕ್ ಹಾಕುತ್ತೆ. ಡ್ರೈವರ್ ಎಚ್ಚರ ಇದಾನಾ ಅಂತ ನೋಡೋ ಸಿಫಾ ಪೆಡಲ್ 30 ಸೆಕೆಂಡಿಗೊಮ್ಮೆ ಬಿಟ್ಟು ಒತ್ತಬೇಕು. ನಾನು ಅದಕ್ಕೇಂತ ಹಳೇ ಹೊಲಿಗೆ ಮೆಷಿನ್ ಪೆಡಲ್ ಬಿಚ್ಚಿ ಯುಎಸ್‌ಬಿ ಮಾಡಿಸಿದೆ. ಪೆಡಲ್ 15 ಯೂರೋ, ಬೋರ್ಡ್ 12, ಕೇಬಲ್ 8, ಕೆಳಗಿನ ಮನೆ ಅಜ್ಜಿ ಟಕಟಕ ಸದ್ದು ಅಂತ ದೂರು ಕೊಟ್ಟಮೇಲೆ ರಬ್ಬರ್ ಮ್ಯಾಟ್ 22. ಜೂಸಿ ಅಂತ ಒಂದು ಜರ್ಮನ್ ಸಿಮ್ಯುಲೇಟರ್ ಇದೆ, ನೋಡೋಕೆ ಸಪ್ಪೆ, ಆದ್ರೆ ಕೂತರೆ ಕೆಲಸಕ್ಕೆ ಹೋದ ಹಾಗೇ.

ಲೂಪ್‌ಲೈನ್_ಬೆಂಗಳೂರು: ನಮ್ಮ ಇಂಜಿನ್ನಲ್ಲೂ ಅದೇ ಕೆಲಸಕ್ಕೆ ವಿಸಿಡಿ ಇದೆ ಸ್ವಾಮಿ. 60 ಸೆಕೆಂಡ್ ಸುಮ್ನೆ ಕೂತ್ರೆ ದೀಪ ಮಿನುಗುತ್ತೆ. ಜ್ಞಾನೋದಯಕ್ಕೆ ಮ್ಯೂನಿಕ್ ತನಕ ಹೋಗ್ಬೇಕಿರಲಿಲ್ಲ.

ಹಾಸನ_ಹುಡುಗ: ಸರ್, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಇದ್ರಲ್ಲಿ ಯಾವುದು ಓಡುತ್ತೆ?

ವೈಡಿಎಂ4_ಮಗಳು: ಅಪ್ಪ ಮೀಟರ್‌ಗೇಜ್ ಕಾಲದಲ್ಲಿ ಇದೇ ಘಾಟಲ್ಲಿ ವೈಡಿಎಂ-4 ಡೀಸೆಲ್ ಇಂಜಿನ್ ಓಡಿಸಿದವರು. 1996ರಲ್ಲಿ ಗೇಜ್ ಬದಲಾಯಿಸೋಕೆ ಅಂತ ಲೈನ್ ನಿಲ್ಲಿಸಿದಾಗ ಬೇರೆ ಕಡೆ ಹಾಕಿದ್ರು. ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ ಕೂರಿಸಿದೆ. ಸೀನರಿ ಕಡೆ ನೋಡ್ಲೇ ಇಲ್ಲ. ಮೊದಲು ಕೇಳಿದ್ದು ‘ವ್ಯಾಕ್ಯೂಮ್ 53 ಬಂತಾ?’ ಅಂತ, ಹಳೇ ನಿರ್ವಾತ ಬ್ರೇಕಿನ ಲೆಕ್ಕ. ಈಗ ಏರ್ ಬ್ರೇಕ್ ಅಪ್ಪ, ಒತ್ತಡ 5 ಕೆಜಿ ಅಂದೆ. ‘ಇಳಿಯೋ ಮುಂಚೆ ಬ್ರೇಕ್ ಟೆಸ್ಟ್ ಮಾಡಿದ್ಯಾ?’ ಇಲ್ಲ. ‘ಮತ್ತೆ ಯಾಕೆ ಹೊರಟೆ?’ ಸುರಂಗಕ್ಕೆ ಹಾರ್ನ್ ಹೊಡೆದೆ, ಕೈ ಬಿಡದೆ. ‘ಸಾಕು, ಎಮ್ಮೆ ಅಡ್ಡ ಬಂದಿಲ್ಲ.’ ಆಮೇಲೆ ಸ್ಪೀಡ್ ಮಿತಿ ಮೀರಿ 34 ಆಯ್ತು, ಎದ್ದು ಹೋಗಿ ಪೇಪರ್ ಓದೋಕೆ ಕೂತ್ರು. ನೀವೆಲ್ಲ ರೂಟು, ಮರ, ಬಣ್ಣ ಅಂತ ಜಗಳ ಆಡ್ತಿದೀರಿ. ಅಪ್ಪ ಕಣ್ಣು ತೆಗೀದೆ ನೋಡಿದ್ದು ಎರಡು ಗೇಜ್ ಮಾತ್ರ.

ಅಂದಹಾಗೆ ಎಡಕುಮೇರಿ ಅವರೇ, ಓಡಿಸಿದ್ದು ನಿಮ್ಮ ರೂಟೇ. ಬ್ರೇಕ್ ಹಾಕಿ, ಎ-9 ಅನ್ನೋ ಟ್ರೇನ್ ಬ್ರೇಕ್ ಹ್ಯಾಂಡಲ್ ಒಂಚೂರು ಸಡಿಲಿಸಿದ್ರೆ ಇಡೀ ರೇಕ್ ಬ್ರೇಕ್ ಬಿಟ್ಟುಬಿಡುತ್ತೆ. ಹಾಗಾಗಲ್ಲ ಅಂದ್ರು ಅಪ್ಪನ ಜೊತೆ ಕೆಲಸ ಮಾಡಿದ ಅಂಕಲ್.

ಎಡಕುಮೇರಿ: ಅದು ವ್ಯಾಗನ್ನಿನ ದೋಷ, ರೂಟಿನದ್ದಲ್ಲ. ನೀವು ಯಾರು ಮಾಡಿದ ಬಾಕ್ಸ್‌ಎನ್ ವ್ಯಾಗನ್ ಹಾಕಿದ್ದೀರಿ?

ವೈಡಿಎಂ4_ಮಗಳು: ಒಂದು ಚಾನೆಲ್‌ನವರು 499 ರೂಪಾಯಿಗೆ ಮಾರ್ತಿದ್ದ ಪ್ಯಾಕ್. ಯುಪಿಐ ಮಾಡಿದಮೇಲೆ ಲಿಂಕ್ ಕಳಿಸಿದ್ರು, ಪಾಸ್‌ವರ್ಡ್ ಬೇರೆ.

ರೀಸ್ಕಿನ್_ಮೈಸೂರು: 499! ಆ ಬಾಕ್ಸ್‌ಎನ್ ಟೆಕ್ಸ್‌ಚರ್, ಅಂದ್ರೆ ಮೈಮೇಲಿನ ಬಣ್ಣದ ಚಿತ್ರ, ನಂದು. ಕೆ.ಆರ್.ಪುರಂ ಗೂಡ್ಸ್ ಲೈನ್ ಪಕ್ಕ ಬಿಸಿಲಲ್ಲಿ ನಿಂತು ಫೋಟೋ ತೆಗೆದು, ತುಕ್ಕಿನ ಕಲೆ, ಸೀಮೆಸುಣ್ಣದಲ್ಲಿ ಬರೆದಿದ್ದ ನಂಬರ್ ಎಲ್ಲಾ ಒಂದೊಂದಾಗಿ ಹಾಕಿದ್ದು. ಪುಕ್ಕಟೆ ಕೊಟ್ಟೆ, ರೀಡ್‌ಮಿಯಲ್ಲಿ ‘ಮಾರುವಂತಿಲ್ಲ’ ಅಂತ ಬರೆದೆ. ಆ ಮಹಾನುಭಾವರು ರೀಡ್‌ಮಿ ಅಳಿಸಿ, ತಮ್ಮ ಲೋಗೋ ಅಂಟಿಸಿ, ಝಿಪ್ಪಿಗೆ ಪಾಸ್‌ವರ್ಡ್ ಹಾಕಿ ಮಾರ್ತಿದಾರೆ. ಕೇಳಿದ್ದಕ್ಕೆ ನನ್ನನ್ನೇ ಬ್ಲಾಕ್. ಅಲ್ಲಿಂದಾಚೆಗೆ ನಾನು ಏನೂ ಬಿಡುಗಡೆ ಮಾಡಿಲ್ಲ. ಡಬ್ಲ್ಯುಡಿಜಿ-4 ಇಂಜಿನ್ನಿನ ಕ್ಯಾಬ್ ಪೂರ್ತಿ ಮುಗಿದಿದೆ, ನನ್ನ ಹಾರ್ಡ್ ಡಿಸ್ಕಲ್ಲೇ ಇರಲಿ.

ಲೂಪ್‌ಲೈನ್_ಬೆಂಗಳೂರು: ಇದಕ್ಕೇ ನಾನು ಪೇವೇರ್, ಅಂದ್ರೆ ದುಡ್ಡಿನ ಪ್ಯಾಕ್, ಕೊಳ್ಳೋದು. ಅಲ್ಲಿ ಕೇಳೋಕೆ ಒಬ್ಬ ಮಾಲೀಕ ಅಂತ ಇರ್ತಾನೆ.

ರೀಸ್ಕಿನ್_ಮೈಸೂರು: ಅಷ್ಟು ಖರ್ಚು ಮಾಡಿ ನಿಮ್ಮ ಹತ್ರ ಒಂದು ಬಾಕ್ಸ್‌ಎನ್ ಇದ್ಯಾ?

ಎಡಕುಮೇರಿ: ಮೈಸೂರಿನವರೇ, ಸಿಟ್ಟು ಇರಲಿ, ಆದರೆ ದೋಷ ನಿಮ್ಮಿಂದಲೇ ಶುರು ಅಂತ ನನಗೆ ಕಾಣುತ್ತದೆ. ನಿಮ್ಮ ವ್ಯಾಗನ್ನಿನ ಮೂಲ ಡಬ್ಲ್ಯುಎಜಿ ಫೈಲು ನನ್ನ ಹತ್ತಿರ ಉಂಟು. ಬಣ್ಣ ಭಾರತದ್ದು, ಬ್ರೇಕ್ ಅಮೆರಿಕಾದ್ದು. ಅಲ್ಲಿನ ಯಾವುದೋ ಹಾಪರಿನ ಸಾಲುಗಳು ಹಾಗೇ ಉಳಿದಿವೆ. ಬ್ರೇಕ್ ಎಕ್ವಿಪ್‌ಮೆಂಟ್ ಅಂತ ಇರುವಲ್ಲಿ ಟ್ರಿಪಲ್ ವಾಲ್ವ್ ಅಂತ ಬರೆದದ್ದು ಉಂಟು. ಅದು ಬ್ರೇಕ್ ಪೈಪಿನಲ್ಲಿ ಒತ್ತಡ ಸ್ವಲ್ಪ ಏರಿದ ಕೂಡಲೇ ಪೂರಾ ಬಿಡುತ್ತದೆ. ನಮ್ಮ ಗೂಡ್ಸಿಗೆ ಬೇಕಾದ್ದು ಹಂತಹಂತವಾಗಿ ಬಿಡುವ ಡಿಸ್ಟ್ರಿಬ್ಯೂಟರ್. ನಾನು ನನ್ನ ಕಾಪಿಯಲ್ಲಿ ಸರಿ ಮಾಡಿ, ಮೇಲಿಂದ ಗಾಳಿಗೆ ಎರಡು ಕೊಳವೆಯ ಟ್ವಿನ್ ಪೈಪ್ ಕೂಡ ಹಾಕಿದ್ದೇನೆ, ಚಂದ ನಿಲ್ಲುತ್ತದೆ.

ಕ್ಯಾಸಲ್‌ರಾಕ್_ಬ್ಯಾಂಕರ್: ಟ್ವಿನ್ ಪೈಪ್? ಬಾಕ್ಸ್‌ಎನ್‌ಗೆ? ಅದು ಪ್ಯಾಸೆಂಜರ್ ಬೋಗಿಗ್ರಿ. ಎರಡನೇ ಕೊಳವಿ, ಅಂದ್ರ ಫೀಡ್ ಪೈಪಿನಾಗ 6 ಕೆಜಿ ಇರ್ತೈತಿ, ಬ್ರೇಕಿನ ಗಾಳಿ ಇಡೂ ಆಕ್ಸಿಲರಿ ರಿಸರ್ವಾಯರ್ ಯಾವಾಗಲೂ ತುಂಬೇ ಇರ್ತೈತಿ. ಅದನ್ನ ಗೂಡ್ಸಿಗೆ ಹಾಕಿದ್ರ ಘಾಟ್ ಇಳಸೂದು ಏನ್ ಕಷ್ಟ? ನಮ್ಮ ಗೂಡ್ಸ್ ಹೆಚ್ಚಾಗಿ ಓಡೂದು ಸಿಂಗಲ್ ಪೈಪ್ ಮ್ಯಾಲೆ. ಹಾಕಿ ಬಿಟ್ಟು, ಹಾಕಿ ಬಿಟ್ಟು ಮಾಡಿದ್ರ ರಿಸರ್ವಾಯರ್ ತುಂಬಾಕ ಟೈಮೇ ಸಿಗೂದಿಲ್ಲ, ಕೊನೀಗೆ ಬ್ರೇಕ್ ಹಿಡಿಯೂದಿಲ್ಲ. ಅದಕ್ಕಂತನ ಇಂಜಿನ್ ಮೋಟರ್‌ನಿಂದಲೇ ತಡಿಯೂ ಡೈನಾಮಿಕ್ ಬ್ರೇಕ್ ಮ್ಯಾಲೆ ಗಾಡಿ ಹಿಡಕೊಂಡು ಇಳಸೂದು. ನೀವು ಬ್ರೇಕ್ ಸರಿ ಮಾಡಿಲ್ಲ, ಪರೀಕ್ಷೆಗೆ ಚೀಟಿ ಒಯ್ದೀರಿ.

ಎಡಕುಮೇರಿ: ಹಾಗಾದರೆ ನಿಮ್ಮ ಟ್ರೇನ್ಜಿನಲ್ಲಿ ಸಿಂಗಲ್ ಪೈಪ್ ಸರಿಯಾಗಿ ಮಾಡಿ ತೋರಿಸಿ ನೋಡುವ.

ಸಿಫಾ_ಮ್ಯೂನಿಕ್: ಯೂರೋಪಲ್ಲಿ ಗೂಡ್ಸ್ ಗಾಡಿಗೂ ಹಂತಹಂತವಾಗಿ ಬಿಡೋ ಬ್ರೇಕೇ...

ಕ್ಯಾಸಲ್‌ರಾಕ್_ಬ್ಯಾಂಕರ್: ಮ್ಯೂನಿಕ್ ಸಾಹೇಬ್ರ, ಸ್ವಲ್ಪ ಸುಮ್ಮನಿರ್ರಿ.

ರೀಸ್ಕಿನ್_ಮೈಸೂರು: ನಾನು ಬಣ್ಣ ಮಾಡೋನು, ಬ್ರೇಕ್ ಮಾಡೋನಲ್ಲ. ಅಮೆರಿಕಾದ ಸಾಲು ಅಂತ ಗೊತ್ತಿದ್ರೆ ಆಗಲೇ ಹೇಳಬಹುದಿತ್ತಲ್ಲ, ಇಷ್ಟು ವರ್ಷ ನಿಮ್ಮ ಕಾಪಿ ತಿದ್ಕೊಂಡು ಕೂತಿದ್ರಾ?

ವೈಡಿಎಂ4_ಮಗಳು: ತಿದ್ದಿದ ಫೈಲ್ ಯಾರಾದ್ರೂ ಹಾಕ್ತೀರಾ? ಸಿಂಗಲ್ ಪೈಪ್, ಡಿಸ್ಟ್ರಿಬ್ಯೂಟರ್. ಭಾನುವಾರ ಅಂಕಲ್ ಊಟಕ್ಕೆ ಬರ್ತಾರೆ, ಓಡಿಸಿ ನೋಡಿಸ್ತೀನಿ. ಹಾಸನದವರೇ, ನಂದೂ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಐ3ನೇ. ಓಪನ್ ರೈಲ್ಸಲ್ಲಿ ನೆರಳು ಆಫ್ ಮಾಡಿ, ನೋಟದ ದೂರ ಕಡಿಮೆ ಇಟ್ಟರೆ ಓಡುತ್ತೆ. ಆ 499 ಮಾತ್ರ ಕೊಡಬೇಡಿ.

ಎಡಕುಮೇರಿ: ಮೈಸೂರಿನವರು ಒಪ್ಪಿದರೆ ಹಾಕುತ್ತೇನೆ. ಟೆಕ್ಸ್‌ಚರ್ ಅವರದ್ದಲ್ಲವಾ.

ರೀಸ್ಕಿನ್_ಮೈಸೂರು: ಹಾಕಿ. ರೀಡ್‌ಮಿ ಜೊತೆಗೇ ಹಾಕಿ. ಕ್ಯಾಬ್ ಮಾತ್ರ ಕೇಳಬೇಡಿ.