ರಾತ್ರಿ ಪಂಪ್ ಹಾಕಲು ಹೋಗುವ ಅಪ್ಪನಿಗೆ ಯಾವ ಚಾರ್ಜಿಂಗ್ ಟಾರ್ಚ್? ಬಳಸಿದವರು ತಿಳಿಸಿ

ಚನ್ನಗಿರಿ ತೋಟ:
ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ಈಗ ರಾತ್ರಿ ಪಾಳಿ. ಅಪ್ಪನಿಗೆ 68 ವರ್ಷ. ಎರಡು ಗಂಟೆಗೆ ಎದ್ದು ಬದುವಿನ ಮೇಲೆ 300 ಮೀಟರ್ ನಡೆದು ಸ್ಟಾರ್ಟರ್ ಹಾಕಿ ಬರುತ್ತಾರೆ. ಒಂದು ಕೈಯಲ್ಲಿ ಕೋಲು. ಹೋದ ತಿಂಗಳು ಕಾಲುವೆಗೆ ಜಾರಿ ಮಂಡಿ ತರಚಿಕೊಂಡರು. 3,000 ರೂಪಾಯಿಯ ಒಳಗೆ ಹಗುರವಾದ, ಒಂದೇ ಗುಂಡಿಯ, ಜೋರು ಬೆಳಕಿನ ಟಾರ್ಚ್ ಬೇಕು. ಅಂಗಡಿಯಲ್ಲಿ ಒಂದು ಸೆಲ್ಲಿನ ಟಾರ್ಚಿನ ಡಬ್ಬದ ಮೇಲೆ 20,000 ಲುಮೆನ್ (ಒಟ್ಟು ಬೆಳಕಿನ ಅಳತೆ) ಎಂದಿದೆ, ಬೆಲೆ 850. ನಂಬಬಹುದೇ?

ಕೊಪ್ಪದ ಮಳೆ:
ಅದೇ ಡಬ್ಬವನ್ನು ನಾನು 899 ಕೊಟ್ಟು ತಂದವನು. ಮೊದಲ ರಾತ್ರಿ ಮನೆಮಂದಿಯನ್ನೆಲ್ಲ ಅಂಗಳಕ್ಕೆ ಕರೆದು, ಎದುರಿನ ಗುಡ್ಡಕ್ಕೆ ಬೆಳಕು ಬಿಟ್ಟು ತೋರಿಸಿದೆ. ನಾಲ್ಕನೆಯ ರಾತ್ರಿ ಹಂದಿ ಬಂದಾಗ ಮಿಂಚುಹುಳದಷ್ಟು ಬೆಳಕು. ಸೆಲ್ಲಿನ ಮೇಲೆ 9,900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಅಚ್ಚಾಗಿತ್ತು. ಇಂಥ ಟಾರ್ಚಿಗೆ ಹಾಕುವ 18650 ಅಳತೆಯ ಲಿಥಿಯಂ ಸೆಲ್ಲಿನಲ್ಲಿ ಸಾಮಾನ್ಯವಾಗಿ 3,500ರ ಆಚೀಚೆಯಷ್ಟೇ ತುಂಬುತ್ತದೆ, 9,900 ಸುಳ್ಳು ಎಂದು ಆಮೇಲೆ ತಿಳಿಯಿತು. ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟರೆ 29 ಗ್ರಾಂ. ಅಸಲಿ ಸೆಲ್ 45 ಗ್ರಾಂನ ಆಸುಪಾಸು ತೂಗುತ್ತದೆ.

ಎರಡನೆಯದು 2,650. ಒಂದೂವರೆ ನಿಮಿಷಕ್ಕೆ ಬೆಳಕು ಅರ್ಧಕ್ಕೆ ಇಳಿಯುತ್ತಿತ್ತು. ಕೆಟ್ಟಿದೆ ಎಂದುಕೊಂಡು ಎರಡು ಸಲ ಕಂಪನಿಗೆ ಕಳಿಸಿದೆ, ಕೊರಿಯರ್ ಖರ್ಚು ತಲಾ 180. "ಬಿಸಿಯಾದಾಗ ತಾನೇ ಇಳಿಯುತ್ತದೆ, ಅದು ದೋಷವಲ್ಲ" ಎಂದು ಎರಡು ಸಲವೂ ಅದೇ ಚೀಟಿ. ಮೂರನೆಯದು 4,700, ಬ್ಯಾಟರಿ ಒಳಗೇ ಅಂಟಿಸಿದ್ದು. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲಾಗಿ ಜುಲೈ ಮಳೆಯಲ್ಲಿ ನೀರು ಕುಡಿಯಿತು. ಡಬ್ಬದ ಮೇಲೆ ಐಪಿಎಕ್ಸ್7, ಎಂದರೆ ನೀರಿನಲ್ಲಿ ಮುಳುಗಿದರೂ ತಡೆಯುತ್ತದೆ ಎಂಬ ಗುರುತು! ಮುಚ್ಚಳ ಸರಿಯಾಗಿ ಕುಳಿತಿದ್ದರೆ ಮಾತ್ರ ಅದು ಏಳು. ನಾಲ್ಕನೆಯದು 3,900, ಜೊತೆಗೆ 600ರಂತೆ ಎರಡು ಸೆಲ್, 750ರ ಚಾರ್ಜರ್. ಒಟ್ಟು 14,459 ರೂಪಾಯಿ. ಈ ಲೆಕ್ಕವನ್ನು ನನ್ನ ಹೆಂಡತಿ ಬಚ್ಚಲಿನ ಗೋಡೆಯ ಮೇಲೆ ಮಸಿಯಿಂದ ಬರೆದಿಟ್ಟಿದ್ದಾಳೆ, ಅಳಿಸಲು ಬಿಡುವುದಿಲ್ಲ.

ಸಾಗರದ ರಿಪೇರಿ ಅಂಗಡಿ:
14,459ಕ್ಕೆ ನಾನು ಒಂದು ಊರಿಗೆ ಬೆಳಕು ಕೊಡುತ್ತಿದ್ದೆ. 28 ವರ್ಷದಿಂದ ಬ್ಯಾಟರಿ ರಿಪೇರಿ ಮಾಡುತ್ತಿದ್ದೇನೆ (ನಮ್ಮಲ್ಲಿ ಟಾರ್ಚಿಗೇ ಬ್ಯಾಟರಿ ಎನ್ನುವುದು). 6 ವೋಲ್ಟಿನ ಆಸಿಡ್ ಬ್ಯಾಟರಿಯ ಹಿಡಿಕೆ ಟಾರ್ಚ್ ಕೊಳ್ಳಿ. ಒಳಗಿನದು ಸತ್ತರೆ 380ಕ್ಕೆ ಹೊಸದು, ನನ್ನ ಕೂಲಿ 50. ಎರಡು ಸ್ಕ್ರೂ ಬಿಚ್ಚಿದರೆ ಆಯಿತು. ಈ ಲಿಥಿಯಂನವು ಅಂಟು ಹಾಕಿ ಮುಚ್ಚಿಕೊಂಡು ಬರುತ್ತವೆ, ತೆರೆಯಲು ಹೋದರೆ ತಲೆ ಒಂದು ಕಡೆ, ಬುಡ ಒಂದು ಕಡೆ.

ವಾರಾಂತ್ಯದ ಚಾರಣಿಗ, ಬೆಂಗಳೂರು:
ಈ ಕಾಲದಲ್ಲೂ ಆಸಿಡ್ ಬ್ಯಾಟರಿ! ಅದನ್ನು ಹೊತ್ತು ಕುದುರೆಮುಖ ಹತ್ತಿ ನೋಡಿ ಸ್ವಾಮಿ. ವಾರಗಟ್ಟಲೆ ಖಾಲಿ ಇಟ್ಟರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಕಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹತ್ತು ನಿಮಿಷ.

ನನ್ನದು 11,500 ರೂಪಾಯಿಯದು, 18650ಕ್ಕಿಂತ ದೊಡ್ಡದಾದ 21700 ಸೆಲ್. ಕೊಳ್ಳುವ ಮೊದಲು ನಾಲ್ಕು ತಿಂಗಳು ಓದಿದ್ದೇನೆ. 20,000 ಲುಮೆನ್‌ಗೆ ಸುಮಾರು 200 ವಾಟ್ ಬೇಕು. ಒಂದು 18650 ಸೆಲ್ ಅಷ್ಟನ್ನು ಹೊರುವುದಿಲ್ಲ. ಅಲ್ಲಿಗೆ ಆ ಡಬ್ಬದ ಕಥೆ ಮುಗಿಯಿತು. ನೋಡಬೇಕಾದದ್ದು ಕ್ಯಾಂಡೆಲಾ, ಎಂದರೆ ಒಂದೇ ದಿಕ್ಕಿಗೆ ಬೆಳಕು ಎಷ್ಟು ಜೋರು ಎಂಬ ಅಳತೆ. ಹುಣ್ಣಿಮೆಯ ಬೆಳದಿಂಗಳಷ್ಟು, ಎಂದರೆ ಕಾಲು ಲಕ್ಸ್ ಬೆಳಕು ಎಲ್ಲಿಯವರೆಗೆ ಬೀಳುತ್ತದೆಯೋ ಅದನ್ನು ದೂರ ಎಂದು ಟಾರ್ಚ್‌ಗಳ ಎಫ್‌ಎಲ್1 ಮಾನದಂಡ ಲೆಕ್ಕ ಹಾಕುತ್ತದೆ. 62,500 ಕ್ಯಾಂಡೆಲಾ ಇದ್ದರೆ 500 ಮೀಟರ್. ನನ್ನದರಲ್ಲಿ ಅದಕ್ಕಿಂತ ಹೆಚ್ಚಿದೆ.

ಸಾಗರದ ರಿಪೇರಿ ಅಂಗಡಿ:
ಹುಣ್ಣಿಮೆಯ ಬೆಳದಿಂಗಳು ನನಗೆ ತಿಂಗಳಿಗೊಮ್ಮೆ ಪುಕ್ಕಟೆ ಸಿಗುತ್ತದೆ. ಖಾಲಿ ಇಡುವುದು ಬಳಸುವವರ ತಪ್ಪು. ಆಸಿಡ್ ಬ್ಯಾಟರಿಯನ್ನು ಯಾವಾಗಲೂ ತುಂಬಿ ಇಡಬೇಕು, ಅಷ್ಟೇ. ನಿಮ್ಮ ಲಿಥಿಯಂ ಅನ್ನು ಹಾಗೆ ತಿಂಗಳುಗಟ್ಟಲೆ ಪೂರ್ತಿ ತುಂಬಿಸಿ ಇಡಿ, ಅದೂ ಬೇಗ ಮುದಿಯಾಗುತ್ತದೆ. ಅದನ್ನೇಕೆ ಬರೆಯಲಿಲ್ಲ?

ವಾರಾಂತ್ಯದ ಚಾರಣಿಗ, ಬೆಂಗಳೂರು:
ಬರೆಯಲಿಲ್ಲ, ಏಕೆಂದರೆ ನಾನು ಟಾರ್ಚನ್ನು ಬಳಸುತ್ತೇನೆ, ಗೂಡಿನಲ್ಲಿ ಇಟ್ಟು ಪೂಜಿಸುವುದಿಲ್ಲ.

ಸಕಲೇಶಪುರ ಕಾಫಿ:
ದೂರ ದೂರ ಎಂದು ಕುಣಿಯುವವರು ಆನೆಯ ಎದುರು ಒಮ್ಮೆ ನಿಲ್ಲಬೇಕು. ಮೂರು ವರ್ಷದ ಹಿಂದೆ ನನ್ನಲ್ಲೂ ಅಂಥದ್ದೇ ಇತ್ತು, 6,200 ರೂಪಾಯಿ. ನಾಯಿ ಒಂದೇ ಸಮನೆ ಬೊಗಳಿತೆಂದು ಕಣದ ಹತ್ತಿರ ಹೋಗಿ ಬೆಳಕು ಬಿಟ್ಟೆ. ನೇರ ಕಣ್ಣಿಗೆ ಬಿತ್ತು. ಒಂಟಿ ಸಲಗ ಹಿಂದೆ ಸರಿಯಲಿಲ್ಲ, ಬೆಳಕು ಬಂದ ಕಡೆಗೇ ನುಗ್ಗಿತು. ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮನೆ) ಗೋಡೆ ಹಾರಿ ಉಳಿದೆ. ಟಾರ್ಚ್ ಕೈತಪ್ಪಿತು, ಬೆಳಿಗ್ಗೆ ನೋಡಿದರೆ ಚಪಾತಿ. ಕಣದಲ್ಲಿ ಒಣಗಲು ಹಾಕಿದ್ದ ಕಾಫಿ ಚೆರ್ರಿ ಎರಡು ಚೀಲದಷ್ಟು ಹಾಳು, ನೀರಿನ ಪೈಪು 1,400, ಆಳುಗಳು ಎರಡು ದಿನ ತೋಟಕ್ಕೆ ಇಳಿಯಲಿಲ್ಲ. ಈಗ ಆನೆ ಎಲ್ಲಿದೆ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ, ಹತ್ತಿರ ಇದ್ದರೆ ನಾನು ಹೊರಗೇ ಬರುವುದಿಲ್ಲ.

ಕೊಪ್ಪದ ಮಳೆ:
ಚನ್ನಗಿರಿಯಲ್ಲಿ ಸ್ಟಾರ್ಟರ್ ಹಾಕುವವರಿಗೆ ನಿಮ್ಮ ಆನೆ ಏಕೆ, ಮಾರಾಯರೇ? ನಮ್ಮಲ್ಲಿ ಕಾಟಿ (ಕಾಡುಕೋಣ) ಬರುತ್ತದೆ. ಬೆಳಕು ಬಿಟ್ಟರೆ ಸುಮ್ಮನೆ ನೋಡಿಕೊಂಡು ನಿಲ್ಲುತ್ತದೆ, ಅಡಿಕೆ ಹಾಳೆ ಮೆಲ್ಲುತ್ತ.

ಸಕಲೇಶಪುರ ಕಾಫಿ:
ನಿಮ್ಮ ಬಚ್ಚಲಿನ ಗೋಡೆ ಚನ್ನಗಿರಿಯವರಿಗೆ ಏಕೆ ಬೇಕಾಗಿತ್ತೋ, ಅದಕ್ಕೇ.

ಮದ್ದೂರು ಕಬ್ಬು:
ಯಾರೂ ಕಾಲಿನ ಮಾತು ಎತ್ತಲಿಲ್ಲ. ನಮ್ಮ ಅಣ್ಣ ಇಂಥ ದೂರದ ಫೋಕಸ್ ಟಾರ್ಚನ್ನು ಹಿಡಿದುಕೊಂಡೇ ಕೊಳಕುಮಂಡಲ ಹಾವು ತುಳಿದವನು. ಬೆಳಕು ಕಬ್ಬಿನ ಆ ತುದಿಯಲ್ಲಿ ತೆಂಗಿನ ಗರಿ ಎಣಿಸುವಷ್ಟು ಇತ್ತು, ಪಾದದ ಬಳಿ ಕತ್ತಲೆ. ಸುಮಾರು 20 ವಯಲ್ ಔಷಧ, ಒಂಬತ್ತು ದಿನ ಆಸ್ಪತ್ರೆ, ಎರಡು ಸಲ ಡಯಾಲಿಸಿಸ್. ಆ ಸಲ ಕಬ್ಬು ಕಡಿಯುವ ಸರದಿಯೂ ತಪ್ಪಿತು. ಬದುಕಿದ್ದಾನೆ. ಆದರೆ ಆ ಕಾಲಿಗೆ ಈಗಲೂ ಚಪ್ಪಲಿ ಹಿಡಿಸುವುದಿಲ್ಲ.

ಈಗ ಮನೆಯಲ್ಲಿ ಹಣೆಗೆ ಕಟ್ಟುವ ದೀಪ, 1,150 ರೂಪಾಯಿ, 400 ಲುಮೆನ್, ಹಳದಿ ಬಣ್ಣದ ಹರಡಿದ ಬೆಳಕು. ಎರಡು ಕೈಯೂ ಖಾಲಿ. ಬೂಟು 420. ಇಷ್ಟೇ ನಮ್ಮ ಬಂಡವಾಳ.

ವಾರಾಂತ್ಯದ ಚಾರಣಿಗ, ಬೆಂಗಳೂರು:
ಹಣೆಯ ದೀಪ ಹಚ್ಚಿದ ಐದು ನಿಮಿಷಕ್ಕೆ ದೀಪದ ಹುಳುಗಳು ಮೂಗಿನೊಳಗೆ ಹೋಗುತ್ತವೆ. ಮಂಜಿದ್ದರೆ ಕಣ್ಣೆದುರೇ ಬಿಳಿ ಗೋಡೆ.

ಸಕಲೇಶಪುರ ಕಾಫಿ:
ಅಷ್ಟೇ ಅಲ್ಲ, ಕಾಡಂಚಿನಲ್ಲಿ ಹಣೆಗೆ ದೀಪ ಕಟ್ಟಿ ತಿರುಗಿದರೆ ಶಿಕಾರಿಯವನೆಂದು ನಿಲ್ಲಿಸುತ್ತಾರೆ. 1972ರಿಂದ ವನ್ಯಜೀವಿ ಕಾನೂನಿದೆ. ತೋಟದ ಲೆಕ್ಕ ಬರೆಯುವ ನನ್ನ ರೈಟರನ್ನು ಒಮ್ಮೆ ಅರ್ಧ ರಾತ್ರಿ ಕೂರಿಸಿಕೊಂಡಿದ್ದರು.

ಮದ್ದೂರು ಕಬ್ಬು:
ಮದ್ದೂರಿನಲ್ಲಿ ಯಾವ ಕಾಡು ಸ್ವಾಮಿ? ಹುಳ ಮೂಗಿಗೆ ಹೋದರೆ ಸೀನಿದರೆ ಸಾಕು. ಮಂಡಲ ಕಚ್ಚಿದರೆ ಸೀನಿ ನೋಡಿ.

ಸಾಗರದ ರಿಪೇರಿ ಅಂಗಡಿ:
ಚಾರಣಿಗರಿಗೆ ಒಂದು ಪ್ರಶ್ನೆ. ನಿಮ್ಮ ದುಬಾರಿ ಟಾರ್ಚ್ ಮೊಬೈಲಿನ ಹೊಸ ಚಾರ್ಜರಿಗೆ, ಎರಡೂ ತುದಿ ಸಿ ಪಿನ್ ಇರುವ ವೈರಿನಲ್ಲಿ, ಚಾರ್ಜ್ ಆಗುತ್ತದೆಯೇ?

ವಾರಾಂತ್ಯದ ಚಾರಣಿಗ, ಬೆಂಗಳೂರು:
ಅದರ ಜೊತೆ ಬಂದ ವೈರಿನಲ್ಲಿ ಆಗುತ್ತದೆ.

ಸಾಗರದ ರಿಪೇರಿ ಅಂಗಡಿ:
ಎಂದರೆ ಆಗುವುದಿಲ್ಲ! ಕರೆಂಟ್ ಬಿಡು ಎಂದು ಆ ಚಾರ್ಜರಿಗೆ ಗುರುತು ಕೊಡುವ 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್ ಒಳಗೆ ಹಾಕದೆ ಉಳಿಸಿದ್ದಾರೆ. ಎರಡೂ ಸೇರಿ ಒಂದು ರೂಪಾಯಿ ಇಲ್ಲ. 11,500 ತೆಗೆದುಕೊಂಡು ಒಂದು ರೂಪಾಯಿ ಉಳಿಸುವವರ ಮಾಲು ಅದು. ಸಾಗರಕ್ಕೆ ಬಂದರೆ ಹಾಕಿಕೊಡುತ್ತೇನೆ, ಕೂಲಿ 50.

ಕೊಪ್ಪದ ಮಳೆ:
ನನ್ನ ನಾಲ್ಕನೆಯದಕ್ಕೂ ಅದೇ ಕಾಯಿಲೆ. ನಾನು ವೈರ್ ಕೆಟ್ಟಿದೆ ಎಂದು ಮೂರು ವೈರ್ ಕೊಂಡಿದ್ದೇನೆ, 250ರಂತೆ. ಇದನ್ನು ಮನೆಯಲ್ಲಿ ಯಾರೂ ಓದದಿರಲಿ.

ಚನ್ನಗಿರಿ ತೋಟ:
ಎಲ್ಲರಿಗೂ ಧನ್ಯವಾದ. 20,000 ಲುಮೆನ್ ಬಿಟ್ಟೆ. ಅಪ್ಪನಿಗೆ ಹಣೆಯ ದೀಪ ಎಂದೆ, "ನಾನೇನು ಗಣಿಯಲ್ಲಿ ಇಳಿಯುತ್ತೇನೆಯೇ" ಎಂದರು. ಈಗ ತಮ್ಮ ಹಳೆಯ ಹಿತ್ತಾಳೆಯ ಮೂರು ಸೆಲ್ಲಿನ ಬ್ಯಾಟರಿಯನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾರೆ. ಒಳಗೆ ಸೆಲ್ ಸೋರಿ ಸ್ಪ್ರಿಂಗ್ ಹಸಿರಾಗಿದೆ. ಅದಕ್ಕೆ ಎಲ್‌ಇಡಿ ಬಲ್ಬ್ ಹಾಕಿದರೆ ಉರಿಯುತ್ತದೆಯೇ?

ಸಾಗರದ ರಿಪೇರಿ ಅಂಗಡಿ:
ಉರಿಯುತ್ತದೆ. ಹಳೆಯ ಬಲ್ಬಿನ ಹೋಲ್ಡರಿಗೇ ಕೂರುವುದು ಬರುತ್ತದೆ, 4.5 ವೋಲ್ಟಿನದು ಕೇಳಿ. ಸ್ಪ್ರಿಂಗಿಗೆ ನಿಂಬೆರಸ ಹಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಪೂರ್ತಿ ಒಣಗಿಸಿ. ಪ್ಲಸ್ ಮೈನಸ್ ನೋಡಿ ಹಾಕಿ, ಉಲ್ಟಾ ಹಾಕಿದರೂ ಹಳೆಯ ಬಲ್ಬ್ ಹತ್ತುತ್ತಿತ್ತು, ಇದು ಹತ್ತುವುದಿಲ್ಲ.

ವಾರಾಂತ್ಯದ ಚಾರಣಿಗ, ಬೆಂಗಳೂರು:
ಅದರಲ್ಲಿ ಎಷ್ಟು ಕ್ಯಾಂಡೆಲಾ ಬರುತ್ತದೆ ಎಂದು ಮಾತ್ರ ಯಾರೂ ಕೇಳಬೇಡಿ.

ಮದ್ದೂರು ಕಬ್ಬು:
ಬೂಟು ಕೊಡಿಸಿದಿರಾ?